ಗಿನಿ ಪಿಗ್ಗಿಗೆ ಓಮದ ಹೊಗೆ

ಎರಡು ಸಾವಿರದ ಒಂದನೆಯ ಇಸವಿ, ಡಿಸೆಂಬರಿನ ಒಂದು ಶನಿವಾರ, ಬೆಳಗಿನ ಆರು ಗಂಟೆ. ಶಿರಸಿಯ ನಮ್ಮ ಮನೆಯಲ್ಲಿ ಇದ್ದವರು ನಾನು ಮತ್ತು ಹಿಂದಿನ ದಿನ ಮಂಚಿಕೇರಿಯಿಂದ ಬಂದಿದ್ದ ಅತ್ತಿಗೆ, ಅಂದರೆ ನನ್ನ ಗಂಡನ ಅಕ್ಕ. ಪಡಸಾಲೆಯ ಮೂಲೆಯ ಪಂಜರದಲ್ಲಿ ಒಂದು ಗಿನಿ ಪಿಗ್.

ನಾನು ಹುಡುಗಿಯರ ಹಾಸ್ಟೆಲಿನ ವಾರ್ಡನ್ ಆಗಿ ನಿವೃತ್ತಳಾದವಳು. ಗಂಟೆ ಹೊಡೆದರೆ ಏಳುವುದು, ಗಂಟೆ ಹೊಡೆದರೆ ಉಣ್ಣುವುದು ಅಭ್ಯಾಸವಾಗಿ, ಗಂಟೆಯಿಲ್ಲದ ಮನೆಯಲ್ಲೂ ಹಾಗೇ ಬದುಕುತ್ತಿದ್ದೆ. ಆರಕ್ಕೆ ಪಂಜರದ ಹೊದಿಕೆ ತೆಗೆಯಬೇಕು, ಹಾಸಿದ ಹುಲ್ಲು ಬದಲಿಸಬೇಕು, ನೀರು ಚೆಲ್ಲಿ ಹೊಸದು ತುಂಬಬೇಕು. ಈ ಕ್ರಮ ಮಾತ್ರ ನನ್ನದಲ್ಲ, ನನ್ನ ಗಂಡ ಹಾಕಿಕೊಟ್ಟದ್ದು. ಅವರು ಕಾಲೇಜೊಂದರ ಜೀವಶಾಸ್ತ್ರದ ಪ್ರಯೋಗಾಲಯದಲ್ಲಿ ಸಹಾಯಕರಾಗಿದ್ದರು. ಅಲ್ಲಿ ಪ್ರಾಣಿ ಸಾಕುವುದನ್ನು ನಿಲ್ಲಿಸಿದಾಗ, ಉಳಿದಿದ್ದ ಒಂದು ಜೋಡಿಯನ್ನು ಬುಟ್ಟಿಯಲ್ಲಿ ಹಾಕಿ ಸೈಕಲ್ಲಿನ ಮೇಲೆ ಮನೆಗೆ ತಂದರು.

ಸುದ್ದಿ ಕೇಳಿ ಬಂದ ಅತ್ತಿಗೆ ಹೊಸಿಲಲ್ಲೇ ನಿಂತು, "ತಮ್ಮಾ, ಮನೆಯೊಳಗೆ ಹಂದಿ ತಂದು ಇಟ್ಗಂಡ್ಯಲ. ಆನು ಇನ್ನು ಇಲ್ಲಿ ನೀರೂ ಕುಡಿತ್ನಿಲ್ಲೆ" ಅಂದಿದ್ದರು.

"ಅಕ್ಕಾ, ಇದು ಬರೀ ಹುಲ್ಲು ತಿಂತು. ಉಳ್ಳಾಗಡ್ಡೆನೂ ಮುಟ್ತಿಲ್ಲೆ. ನಿನ್ನಕಿಂತ ಮಡಿ" ಎಂದು ಅವರು ನಕ್ಕಿದ್ದರು. ಅತ್ತಿಗೆ ಅಂದು ನೀರು ಮಾತ್ರವಲ್ಲ, ಎರಡು ಸಲ ಚಹಾವನ್ನೂ ಕುಡಿದೇ ಹೋದರು.

ಜೋಡಿಯಲ್ಲಿ ಒಂದು ನನ್ನ ಗಂಡ ಇದ್ದಾಗಲೇ ಉಸಿರಿನ ಕಾಯಿಲೆಯಿಂದ ಸತ್ತಿತ್ತು. ಆಮೇಲೆ, ಆ ವರ್ಷದ ಮಳೆಗಾಲ ಹಿಡಿಯುವ ಮೊದಲು, ಅವರೂ ತೀರಿಕೊಂಡರು. ಉಳಿದ ಈ ಹೆಣ್ಣು ಗಿನಿ ಪಿಗ್ಗಿಗೆ ಒಂದು ಚಾಳಿ ಇತ್ತು. ಸಂಜೆ ಐದಕ್ಕೆ ಅವರು ಗೇಟು ತೆಗೆದ ಸದ್ದು ಕೇಳಿದರೆ ಸಿಳ್ಳೆ ಹಾಕಿದಂತೆ ಕೂಗುತ್ತಿತ್ತು. ಈಗ ಆ ಹೊತ್ತಿಗೆ ಗೇಟು ತೆಗೆಯುವವಳು ಹಾಲಿನವಳು. ಆದರೂ ಅದು ಕೂಗುತ್ತಲೇ ಇತ್ತು. ಅದು ಕೂಗಿದಾಗ ನಾನು ಅಡುಗೆಮನೆಯಲ್ಲಿ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಸುಮ್ಮನೆ ನಿಲ್ಲುತ್ತಿದ್ದೆ. ಈ ಮನೆಯಲ್ಲಿ ಅವರ ದಾರಿ ಕಾಯುವವಳು ನಾನೊಬ್ಬಳೇ ಅಲ್ಲ ಅನ್ನಿಸುತ್ತಿತ್ತು.

ಆ ಬೆಳಿಗ್ಗೆ ಹೊದಿಕೆ ತೆಗೆದಾಗ ರಾತ್ರಿ ಇಟ್ಟ ಕೊತ್ತಂಬರಿ ಸೊಪ್ಪು ಹಾಗೇ ಬಾಡಿ ಬಿದ್ದಿತ್ತು.

ಅವರು ಹೇಳಿಕೊಟ್ಟಿದ್ದು ಇದನ್ನೇ. ಒಂದೆರಡು ಸೀನು ಹುಲ್ಲಿನ ಧೂಳಿಗೂ ಬರುತ್ತದೆ, ಅದಕ್ಕೆ ಗಾಬರಿ ಬೇಡ. ತಿನ್ನುವುದು ಬಿಟ್ಟರೆ ಮಾತ್ರ ತಡಮಾಡಬಾರದು. ಬೇರೆ ಪ್ರಾಣಿಗಳ ಬಾಯಿಗೆ ಬೀಳುವ ಜಾತಿ ಇದು, ಸೋತದ್ದನ್ನು ಕೊನೆಯವರೆಗೂ ತೋರಿಸಿಕೊಳ್ಳುವುದಿಲ್ಲ. ಅವರು ನೋಡುತ್ತಿದ್ದ ಕ್ರಮದಲ್ಲೇ ನೋಡಿದೆ. ಕಣ್ಣಿನ ಅಂಚಿನಲ್ಲಿ ಒಣಗಿದ ಪಿಸುರು. ಮೂಗು ಒದ್ದೆ. ಮುಂಗಾಲುಗಳ ಒಳಬದಿಯ ಕೂದಲು ಅಂಟಂಟು. ಮೂಗನ್ನು ಅಲ್ಲಿಗೇ ಒರೆಸಿಕೊಂಡಿದೆ ಎಂದು ಅರ್ಥ. ಮೈಕೂದಲು ಉಬ್ಬಿಸಿಕೊಂಡು ಮೂಲೆಗೆ ಮುದುಡಿ ಕೂತಿತ್ತು. ಎತ್ತಿಕೊಂಡು ಅದರ ಪಕ್ಕೆಗೆ ಕಿವಿ ಇಟ್ಟೆ. ಪ್ರತಿ ಉಸಿರಿಗೂ ಒಳಗೆ ಚಿಟಿಚಿಟಿ ಸದ್ದು.

ಅವರು ಹೀಗೆ ಕಿವಿ ಇಟ್ಟಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು, ನನ್ನನ್ನು ಮಾತಾಡಬೇಡ ಎಂದು ಕೈಯಲ್ಲೇ ತಡೆಯುತ್ತಿದ್ದರು. ಅಂದು ನನ್ನನ್ನು ತಡೆಯುವ ಕೈ ಇರಲಿಲ್ಲ. ಆದರೂ ನಾನು ಉಸಿರು ಬಿಗಿಹಿಡಿದೇ ಕೇಳಿದೆ.

ಪಶು ಆಸ್ಪತ್ರೆ ತೆರೆಯಲು ಇನ್ನೂ ಹೊತ್ತಿತ್ತು. ಬೇಕಾಗಬಹುದೆಂದು ಎಳೆ ಗರಿಕೆ ಕೊಯ್ಯಲು ಹಿತ್ತಿಲಿಗೆ ಹೋದೆ. ತಿರುಗಿ ಬಂದರೆ ಪಡಸಾಲೆಯಲ್ಲಿ ಪಂಜರವಿಲ್ಲ. ಬಚ್ಚಲಮನೆಯಿಂದ ಓಮ, ಬೆಳ್ಳುಳ್ಳಿ ಸಿಪ್ಪೆ ಸುಟ್ಟ ವಾಸನೆ ಬರುತ್ತಿತ್ತು. ಅತ್ತಿಗೆ ಒಲೆಯ ಕೆಂಡ ತೆಗೆದು ಅದರ ಮೇಲೆ ಓಮ ಉದುರಿಸಿ, ಪಂಜರದ ಪಕ್ಕ ಇಟ್ಟುಕೊಂಡು ಕೂತಿದ್ದರು.

"ಎಂತ ಇದು ಅತ್ತಿಗೆ?"

"ಶೀತ ಆಜಲೇ ಅದಕ್ಕೆ. ಹೊಗೆ ಹಾಕಿದ್ದೆ. ಎದೆ ಬಿಡ್ತು, ನೋಡ್ತಾ ಇರು."

ನಮ್ಮ ಕಡೆ ಎಣ್ಣೆ ಹಚ್ಚಿ ಮೀಯಿಸಿದ ಕೂಸನ್ನು ಈ ಹೊಗೆಗೆ ಹಿಡಿಯುವುದು ವಾಡಿಕೆ. ಮನೆತನದ ಬಾಣಂತಿ ಕೋಣೆಗಳೆಲ್ಲ ಅತ್ತಿಗೆಯ ಕೈಯಲ್ಲೇ ನಡೆದಿದ್ದವು. ಆದರೆ ಪಂಜರದಲ್ಲಿದ್ದ ಪ್ರಾಣಿ ಬಾಯಿ ತುಸು ತೆರೆದು ಉಸಿರೆಳೆಯುತ್ತಿತ್ತು, ಪಕ್ಕೆಗಳು ಒಳಕ್ಕೆ ಸೆಳೆದುಕೊಳ್ಳುತ್ತಿದ್ದವು. ನಾನು ಪಂಜರ ಎತ್ತಿಕೊಂಡು ಹೊಗೆಯಿಲ್ಲದ ನಡುಮನೆಗೆ ತಂದೆ.

"ಹೊಗೆ ಇದಕ್ಕೆ ಆಗ್ತಿಲ್ಲೆ ಅತ್ತಿಗೆ. ನಿಮ್ಮ ತಮ್ಮನೇ ಹೇಳಿದ್ದ."

ಹಿಂದೆಯೇ ಬಂದ ಅತ್ತಿಗೆಯ ಮುಖ ಸಣ್ಣದಾಗಿತ್ತು. "ತಮ್ಮ ಹುಟ್ಟಿದಾಗ ತಿಂಗಳು ತುಂಬಿತ್ತಿಲ್ಲೆ, ಕಫ ಕಟ್ಟಿತ್ತು. ಇದೇ ಹೊಗೆಗೆ ಆನೇ ತೊಡೆ ಮೇಲೆ ಹಾಕ್ಯಂಡು ಕೂತಿದ್ದೆ. ಬದುಕಿದ್ನಿಲ್ಯ ಅವ?" ಅಂದರು.

ನಾನು ಪಂಜರದ ಬಾಗಿಲು ತೆಗೆದು ಅದರ ಮೂಗು ಒರೆಸಿದೆ. ಆಮೇಲೆ ಅವರೇ, "ಎಂತ ಮಾಡವು ಹೇಳಿ ಹೇಳು" ಅಂದರು. ಬುಟ್ಟಿಗೆ ಮೆತ್ತನೆಯ ಬಟ್ಟೆ ಹಾಸಲು ಹೇಳಿದೆ. ರಿಕ್ಷಾದಲ್ಲಿ ಆ ಬುಟ್ಟಿಯನ್ನು ಗಾಳಿ ತಾಗದಂತೆ ಸೆರಗಿನಲ್ಲಿ ಮುಚ್ಚಿ, ತೊಡೆಯ ಮೇಲೆ ಇಟ್ಟುಕೊಂಡು ಬಂದವರು ಅವರೇ.

ಪಶು ಆಸ್ಪತ್ರೆಯ ಡಾಕ್ಟರು ಹಾವೇರಿ ಕಡೆಯವರು. "ಬರ್ರಿ ಅಮ್ಮಾರ. ಏನ್ ತಂದೀರಿ, ಮೊಲ ಏನ್ರಿ?" ಎಂದು ಬುಟ್ಟಿಯೊಳಗೆ ಇಣುಕಿದರು. ಗಿನಿ ಪಿಗ್ ಎಂದೆ. "ಕಾಲೇಜಿನ್ಯಾಗ ನೋಡಿದ್ದೆರಿ. ಮನ್ಯಾಗ ಸಾಕಿದ್ದು ಇದ ಮೊದಲ ನೋಡಿದ್ದು" ಅಂದರು. ಆಮೇಲೆ ಬಹಳ ಹೊತ್ತು ಎದೆಯ ಸದ್ದು ಕೇಳಿದರು.

"ಹೊಗೆ ಹಾಕಿದ್ದು ನಾನು" ಎಂದರು ಅತ್ತಿಗೆ, ಕೇಳುವ ಮೊದಲೇ.

"ಹೊಗಿ, ಧೂಳು, ಥಂಡಿ ಗಾಳಿ, ಎಲ್ಲಾ ದೂರ ಇಡ್ರಿ. ಎಷ್ಟ್ ಸಣ್ಣ ಮೂಗು ಅದ ನೋಡ್ರಿ. ರೋಗ ಮೊದಲ ಬಂದಿತ್ತು, ನಿಮ್ಮ ಹೊಗಿಯಿಂದ ಬಂದಿದ್ದಲ್ಲ."

ಔಷಧ ಬರೆಯುವ ಮೊದಲು, ಪೆನಿಸಿಲಿನ್ ಜಾತಿಯದು ಇವಕ್ಕೆ ಆಗುವುದಿಲ್ಲ ಎಂದು ನಮ್ಮ ಮನೆಯವರು ಹೇಳುತ್ತಿದ್ದರು ಅಂದೆ. ಡಾಕ್ಟರು ಕಪಾಟಿನಿಂದ ದಪ್ಪ ಪುಸ್ತಕ ತೆಗೆದು ನೋಡಿ, "ಖರೇ ಅದರಿ. ಹೊಟ್ಟ್ಯಾಗಿನ ಒಳ್ಳೆ ಕ್ರಿಮಿ ಸತ್ತು ಇದೂ ಸಾಯ್ತದ" ಎಂದರು. ಔಷಧ ತೂಗುವ ತಕ್ಕಡಿಯಲ್ಲೇ ಅದನ್ನು ತೂಗಿ, ಆ ತೂಕಕ್ಕೆ ಸರಿಯಾಗಿ ಬೇರೆ ಹನಿ ಔಷಧ ಕೊಟ್ಟರು.

"ಉಳಿತದಾ ಡಾಕ್ಟರೇ?" ಅತ್ತಿಗೆ ಕೇಳಿದರು.

"ಇವತ್ತ ನೀವು ತಿನ್ನಸ್ರಿ. ಹೊಟ್ಟಿ ನಿಂತ್ರ ಔಷಧದಿಂದ ಏನೂ ಆಗಂಗಿಲ್ಲ. ತಾನ ಬಾಯಿ ಹಾಕಿ ತಿಂದ್ರ ಆಸೆ ಇಟ್ಕೋರಿ."

ಮನೆಗೆ ಬಂದ ಮೇಲೆ ಕೆಲಸ ಹಂಚಿಕೊಂಡೆವು. ಪಂಜರದಿಂದ ಹುಲ್ಲಿನ ಹಾಸು ತೆಗೆದು ಒಗೆದ ಬಟ್ಟೆ ಹಾಸಿದೆ. ಉಸಿರಿಗೆ ಒಂದು ಬದಿ ಬಿಟ್ಟು ಉಳಿದ ಬದಿಗಳಿಗೆ ಅವರ ಹಳೆಯ ಪಂಚೆ ಇಳಿಬಿಟ್ಟೆ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟೆ. ಬೆಚ್ಚಗಿನ ಉಪ್ಪುನೀರಿನಲ್ಲಿ ಹತ್ತಿ ಅದ್ದಿ ಮೂಗು ಒರೆಸಿದೆ. ಅತ್ತಿಗೆ ಗರಿಕೆಯನ್ನು ನುಣ್ಣಗೆ ಅರೆದು, ನೆಲ್ಲಿಕಾಯಿಯ ರಸ ಹಿಂಡಿ ತೆಳ್ಳಗೆ ಮಾಡಿಕೊಟ್ಟರು. ನೆಲ್ಲಿಕಾಯಿ ನನ್ನ ಗಂಡ ದಿನವೂ ಚೂರು ಕೊಡುತ್ತಿದ್ದದ್ದು. ಮನುಷ್ಯರ ಹಾಗೆ ಇದರ ಮೈಗೂ ಸಿ ಜೀವಸತ್ವ ಹೊರಗಿನಿಂದಲೇ ಸಿಗಬೇಕು. ಅಂಗಾತ ಮಲಗಿಸಿದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ತೊಡೆಯ ಮೇಲೆ ನೇರ ಕೂರಿಸಿಕೊಂಡು, ಬಾಯಿಯ ಪಕ್ಕದಿಂದ, ಡಾಕ್ಟರು ಕೊಟ್ಟ ಸೂಜಿಯಿಲ್ಲದ ಪಿಚಕಾರಿಯಲ್ಲಿ ತುಸುತುಸುವೇ ಹಾಕಿದೆ. ನುಂಗಿದ್ದಕ್ಕಿಂತ ನನ್ನ ಸೀರೆಗೆ ಬಿದ್ದದ್ದೇ ಹೆಚ್ಚು. ಮಧ್ಯಾಹ್ನವೂ ಹಾಗೇ ಆಯಿತು. ಮುಂದೆ ಇಟ್ಟ ಗರಿಕೆ ಎಸಳು ಮುಟ್ಟಲಿಲ್ಲ.

ಐದಕ್ಕೆ ಹಾಲಿನವಳು ಗೇಟು ತೆಗೆದಳು. ನಾನು ಪಂಜರದ ಕಡೆ ನೋಡಿದೆ. ಸದ್ದಿಲ್ಲ.

"ಎಂತ ನೋಡ್ತೆ?" ಅತ್ತಿಗೆ ಕೇಳಿದರು.

"ಈ ಹೊತ್ತಿಗೆ ಕೂಗ್ತಿತ್ತು. ನಿಮ್ಮ ತಮ್ಮ ಬಂದ ಹೇಳಿ."

ಅತ್ತಿಗೆ ಹಾಲಿನ ಪಾತ್ರೆ ಕೆಳಗಿಟ್ಟರು. "ಮಂಚಿಕೇರಿಲಿ ಶಿರಸಿ ಬಸ್ಸು ನಿಂತ ಸದ್ದಾದ್ರೆ ಆನೂ ಬಾಗ್ಲಿಗೆ ಬಂದು ನೋಡ್ತೆ" ಅಂದರು. "ಎಂತಕ್ಕೆ ಹೇಳಿ ಯನ್ನ ಕೇಳಡ."

ನಾನು ಪಾತ್ರೆ ಒಳಗೆ ಒಯ್ದೆ. ಹಾಲು ಕಾಯಿಸಿದೆ.

ದೀಪ ಹಚ್ಚಿದ ಮೇಲೆ ಅತ್ತಿಗೆ ಪಂಜರದ ಮುಂದೆ ಮಣೆ ಹಾಕಿಕೊಂಡು ಕೂತು, ಒಂದೊಂದೇ ಗರಿಕೆ ಎಸಳನ್ನು ಅದರ ಮೂತಿಗೆ ತಾಗಿಸುತ್ತ ಬೈಯತೊಡಗಿದರು. "ತಿನ್ನೆ ಮಾರಾಯ್ತಿ. ಎಷ್ಟು ಸೊಕ್ಕು ನಿಂಗೆ. ಅರೆದು ಅರೆದು ಕೈ ಸೋತೋತು." ಎಸಳು ಅಲ್ಲಾಡಿತು. ಗಾಳಿಗಿರಬೇಕು ಎಂದುಕೊಂಡೆ. ಮತ್ತೆ ಅಲ್ಲಾಡಿತು. ಈ ಸಲ ಎಸಳಿನ ತುದಿ ಒಳಕ್ಕೆ ಸರಿಯುತ್ತಿತ್ತು, ನಿಧಾನಕ್ಕೆ, ನಡುವೆ ಉಸಿರಿಗೆ ನಿಂತು ನಿಂತು. ಅದು ಪೂರ್ತಿ ಒಳಗೆ ಹೋಗುವವರೆಗೆ ನಾವಿಬ್ಬರೂ ಅಲುಗಲಿಲ್ಲ. ಅತ್ತಿಗೆ ನನ್ನತ್ತ ನೋಡದೆಯೇ ಇನ್ನೊಂದು ಎಸಳಿಗೆ ಕೈ ಚಾಚಿದರು, ನಾನು ಕೊಟ್ಟೆ.

"ನಾಳೆ ಬಸ್ಸಿಗೆ ಹೋಗ್ತ್ನಿಲ್ಲೆ" ಅಂದರು ಆಮೇಲೆ.

ಏಳಕ್ಕೆ ಎರಡನೆಯ ಸಲದ ಹನಿ ಹಾಕಿದೆ. ಬಾಟಲಿಯ ನೀರು ಬದಲಿಸಿದೆ. ಪಿಚಕಾರಿಯನ್ನು ಬಿಸಿನೀರಿನಲ್ಲಿ ತೊಳೆದು, ಒಗೆದ ಬಟ್ಟೆಯ ಮೇಲೆ ಬೆಳಗಿನ ಹೊತ್ತಿಗೆಂದು ಒಣಗಲು ಇಟ್ಟೆ.