ಖಾಲಿ ಬಿಡಬಾರದ ಹೆಸರು

ಆ ದಿನವೂ ಎಂದಿನಂತೆ ಬಚ್ಚಲ ಒಲೆಗೆ ಬೆಂಕಿ ಮಾಡಿ, ಅಂಗಳ ಗುಡಿಸಿ, ಗಂಜಿಗೆ ಅಕ್ಕಿ ತೊಳೆಯುತ್ತಿದ್ದೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಹೊನ್ನಾವರದ ಹೊಳೆಬದಿಯ ಮನೆ. ನನ್ನವರು ದೋಣಿಯಲ್ಲಿ ಮೀನಿಗೆ ಹೋಗಿದ್ದರು. ಮನೆಯಲ್ಲಿ ಅತ್ತೆ, ನಾನು, ಆಗಷ್ಟೇ ಮಾತು ಕಲಿಯುತ್ತಿದ್ದ ಮಗಳು. ಅವಳು ಚಾಪೆಯಿಂದ ಎದ್ದು ಬಂದು ನನ್ನ ಸೆರಗು ಹಿಡಿದಳು. ಅಮ್ಮ ಎನ್ನಲಿಲ್ಲ, ಅಜ್ಜಿ ಕರೆಯುವ ಹಾಗೆಯೇ, ಆ ಹೆಸರು ಹಿಡಿದು ಕರೆದಳು.

ಆ ಹೆಸರು ನನ್ನವರ ಮೊದಲ ಹೆಂಡತಿಯದು. ನಾನು ಬರುವ ಮುಂಚೆಯೇ ತೀರಿಹೋದವಳು. ಎರಡನೆಯವಳಾಗಿ ಬಂದವಳಿಗೆ ಸತ್ತವಳ ಹೆಸರನ್ನೇ ಇಡುವುದು ಆ ಮನೆಯ ಪದ್ಧತಿ. ಮದುವೆಯ ದಿನ ಹರಿವಾಣದ ಅಕ್ಕಿಯ ಮೇಲೆ ಉಂಗುರದಿಂದ ಅದನ್ನು ಬರೆದರು. ಕುಮಟೆಯ ಕಾನ್ವೆಂಟಿನಲ್ಲಿ ಸಿಸ್ಟರ್ ಹಾಜರಿ ಕರೆದಾಗ ನಾನು ಎದ್ದು ನಿಲ್ಲುತ್ತಿದ್ದ ಹೆಸರು ಅಂದಿಗೆ ಮುಗಿಯಿತು. ಇಷ್ಟು ವರ್ಷ ಸುಮ್ಮನಿದ್ದೆ. ಆದರೆ ಮಗಳ ಬಾಯಲ್ಲಿ ಅದನ್ನು ಕೇಳಿದಾಗ, ನನ್ನ ಬೆನ್ನ ಹಿಂದೆ ನಿಂತ ಯಾರನ್ನೋ ಅವಳು ಕರೆದಂತಾಯಿತು.

ಗಂಜಿ ಬಡಿಸುತ್ತ ಹೇಳಿದೆ: "ಅತ್ತೆ, ಇನ್ಮೇಲೆ ಆ ಹೆಸ್ರಿಗೆ ನಾ ಓ ಅನ್ನೂದಿಲ್ಲ. ನನ್ನ ಹೆಸ್ರಲ್ಲೇ ಕರೀರಿ."

"ಕಾನ್ವೆಂಟಲ್ಲಿ ಇದ್ನೇ ಕಲ್ಸಿದ್ರನೆ?" ಅತ್ತೆ ಬೆರಳಿಗಂಟಿದ ಉಪ್ಪಿನಕಾಯಿ ನೆಕ್ಕಿದರು. "ಹೆಸ್ರು ಖಾಲಿ ಬಿಡೂಕಾಗೂದಿಲ್ಲ. ಬಿಟ್ರೆ ಅವ್ಳೇ ಬಂದು ಕೂತ್ಕಳ್ತಾಳೆ. ನೀ ಓ ಅನ್ಬೇಡ. ನಾ ಕರೂದು ಕರೂದೇಯ."

ಹಿತ್ತಲಲ್ಲಿ ತೆಂಗಿನ ಮಡಲು ಹೆಣೆಯಲು ಕೂತವರು ಸ್ವಲ್ಪ ಹೊತ್ತಿಗೆ ಕರೆದರು. ನಾನು ಅಡುಗೆಮನೆಯಲ್ಲಿ ತುಟಿ ಬಿಗಿದು ನಿಂತೆ. ನಾನು ಓಗೊಡುವ ತನಕ ಸ್ವರ ಏರಿಸುತ್ತ ಕರೆಯುವುದು ಅವರ ಅಭ್ಯಾಸ. ಈ ಸಲ ಒಮ್ಮೆ ಮಾತ್ರ ಕರೆದರು. ತುಸು ಬಿಟ್ಟು, "ಹಾಂ, ಆತು" ಎಂದರು. ಮತ್ತೆ ಮಡಲಿನ ಸದ್ದು.

ಮಧ್ಯಾಹ್ನವೂ ಹಾಗೆಯೇ ಆಯಿತು. ಕಿಟಕಿಯಿಂದ ಇಣುಕಿದೆ. ಅತ್ತೆ ಬಚ್ಚಲ ಬಾಗಿಲ ಕಡೆ ಮುಖ ಮಾಡಿ ತಲೆಯಾಡಿಸುತ್ತಿದ್ದರು. ನನ್ನ ಮೇಲೆ ಸಿಟ್ಟಿದ್ದ ಮುಖ ಅದಾಗಿರಲಿಲ್ಲ. ಬಾಗಿಲ ಒಳಗೆ ಒಲೆಯ ಹೊಗೆ ಬಿಟ್ಟರೆ ಏನೂ ಕಾಣಲಿಲ್ಲ.

ಹೆದರಿದೆ, ಹಠ ಮಾತ್ರ ಬಿಡಲಿಲ್ಲ. ಸಂಜೆ ಜಗಲಿಯಲ್ಲಿ ಮಗಳ ತಲೆ ಬಾಚುತ್ತ ನನ್ನ ಹೆಸರನ್ನು ಅವಳ ಕಿವಿಯಲ್ಲಿ ಹೇಳಿದೆ. ಅವಳು ತೊದಲುತ್ತ ತಿರುಗಿ ಹೇಳಿದಳು.

ದಿನವಿಡೀ ಬೇಲಿಯಾಚೆ ಬಂಗಡೆ ಒಣಗಿಸುತ್ತಿದ್ದ ನೆರೆಮನೆಯ ಅಕ್ಕ ಮೀನು ಬುಟ್ಟಿಗೆ ತುಂಬುತ್ತ ಕೇಳಿದಳು: "ಎಂತದೇ, ಶೀತ ಆಗದ್ಯನೆ? ಅತ್ತೆ ಕರ್ದಾಗೆಲ್ಲ ನೀ ಬಚ್ಚಲಿಂದ ಓ ಅಂತಿದ್ದೆ, ಸ್ವರವೇ ಬೇರೆ ಕೇಳ್ತಿತ್ತು."