ಅತ್ತೆ ಒಪೈನ್ಡ್

ಆಗ ನಾನು ಅಂಕೋಲೆಯಿಂದ ಕಾರವಾರದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಎಲ್ಲದಕ್ಕೂ ‘ಸೆಡ್’ ಎಂದೇ ಬರೆಯುತ್ತೀರಲ್ಲ ಎಂದು ಬೇಸತ್ತ ಇಂಗ್ಲಿಷ್ ಸರ್ ಒಂದು ದಿನ ಬೋರ್ಡಿನ ಮೇಲೆ ರಿಮಾರ್ಕ್ಡ್, ಅಬ್ಸರ್ವ್ಡ್, ಒಪೈನ್ಡ್ ಎಂದು ಬರೆದರು; ಕೊನೆಯದೆಂದರೆ ‘ಅಭಿಪ್ರಾಯಪಟ್ಟರು’. ಇಸ್ತ್ರಿ ಅಂಗಿ ತೊಟ್ಟ ಶಬ್ದಗಳು. ಅವುಗಳೊಳಗೆ ಯಾರೂ ಕಿರುಚುವುದಿಲ್ಲ, ಯಾರ ಬಾಯಿಂದಲೂ ಉಗುಳು ಹಾರುವುದಿಲ್ಲ. ಸಂಜೆ ಕಿಟಕಿಯಲ್ಲಿ ಸಮುದ್ರ ಮರೆಯಾಗಿ ಮತ್ತೆ ತೇಲಿಬರುವಾಗ ನಾನು ಅರೆನಿದ್ದೆಯಲ್ಲಿ ಲೋಕವನ್ನೆಲ್ಲ ಹಾಗೆಯೇ ಮಾತಾಡಿಸುತ್ತಿದ್ದೆ. ಹಿಂದೆ ಜಾಗ ಇದೆಯೆಂದು ಕಂಡಕ್ಟರ್ ಅಬ್ಸರ್ವ್ಡ್. ಬಂಗಡೆ ಬುಟ್ಟಿಗೂ ಟಿಕೆಟ್ಟಾ ಎಂದು ಮೀನು ಮಾರುವ ಬೈತಖೋಲದ ಮಾವಶಿ ರಿಮಾರ್ಕ್ಡ್. ತನಗೆ ಇಂಗ್ಲಿಷ್ ಬರುತ್ತದೆಂದು ಕಿಟಕಿ ಪಕ್ಕದ ಈ ಪೆದ್ದ ಒಪೈನ್ಡ್.

ಅಕ್ಕನ ಮದುವೆ ಹತ್ತಿರವಿತ್ತು. ನಮ್ಮಲ್ಲಿ ಅತ್ತೆಯನ್ನು, ಅಂದರೆ ಅಪ್ಪನ ತಂಗಿಯನ್ನು, ಮನೆಯೊಡತಿಯೇ ಹೋಗಿ, ಕುಂಕುಮ ಹಚ್ಚಿ, ತೆಂಗಿನಕಾಯಿ ಕೊಟ್ಟು ಕರೆಯಬೇಕು. ಬೇಲಿಯಾಚೆಯ ಮನೆ ತಾನೆ ಎಂದು ಅಮ್ಮ, ನಮ್ಮ ಆಯಿ, ನನ್ನ ಕೈಯಲ್ಲಿ ಕಾರ್ಡು ಕಳಿಸಿದಳು. ಅತ್ತೆ ಅದನ್ನು ಮುಟ್ಟಲೂ ಇಲ್ಲ. ಅತ್ತೆ ಬಾರದಿದ್ದರೆ ಮಂಟಪ ಹತ್ತುವುದಿಲ್ಲ ಎಂದು ಅಕ್ಕ ಊಟ ಬಿಟ್ಟು ಕೂತಳು.

“ಎಂತ ಅಂದ್ಳು ಅವ್ಳು?” ಆಯಿ ಕೇಳಿದಳು.

ನಾನು ಸರ್ ಅವರ ಹಾಗೆ ಕೈ ಹಿಂದೆ ಕಟ್ಟಿದೆ. “ನನ್ನಂಥ ಪೋಸ್ಟ್‌ಮನ್ ಕರೆದ ಮದುವೆಗೆ ಹೋಗುವುದು ತರವಲ್ಲವೆಂದು ಅತ್ತೆ ಒಪೈನ್ಡ್.”

“ಒಪೈನ್ಡ್ ಅಂದ್ರೆ? ಬೈದ್ಳಾ, ಅತ್ಲಾ?”

“ಅದು ಇದ್ರಲ್ಲಿ ಗೊತ್ತಾಗೂದಿಲ್ಲ ಆಯಿ.”

“ಹಾಗಾದ್ರೆ ಆ ಇಂಗ್ಲಿಷು ಎಂತಕ್ಕೆ, ಸುಡೂಕಾ? ಅವ್ಳ ಹಾಗೇ ಹೇಳು, ಮಂಗ್ಯಾ.”

ಹೆಗಲಿಗೆ ಟವೆಲ್ ಸೆರಗು ಹಾಕಿ, ಸೊಂಟಕ್ಕೆ ಕೈಯಿಟ್ಟು ಅತ್ತೆಯಾದೆ. ಅಕ್ಕನಿಗೂ ನಗು ಬಂತು.

“ನಿನ್ನ ಆಯಿಗೆ ಹೇಳು, ತಮಾ. ಆ ಹುಡ್ಗಿ ಹುಟ್ದಾಗ ಮೊದ್ಲು ಎಣ್ಣೆ-ನೀರು ಹಾಕ್ದವ್ಳು ನಾನು. ಈಗ ನಾನು ಕಾರ್ಡಿನ ನೆಂಟಳಾ?”

ಕೊನೆಯ ಮಾತಿನಲ್ಲಿ ಅತ್ತೆಯ ದನಿ ಒಡೆದಿತ್ತು. ಅಣಕಿಸುವಾಗ ನನ್ನದೂ ಒಡೆಯಿತು, ಬೇಕೆಂದೇ ಅಲ್ಲ. ಅಕ್ಕನ ನಗು ನಿಂತಿತು. ಆಯಿ ಒಲೆ ಆರಿಸಿ, ಕಾಯಿ, ಕುಂಕುಮದ ಭರಣಿ ಹಿಡಿದು ಬೇಲಿ ಸಂದಿಯಲ್ಲಿ ನುಸುಳಿದಳು. ನಾನೂ ಹಿಂದೆಯೇ ಹೋದೆ.

ಅತ್ತೆ ಮೆಟ್ಟಿಲ ಮೇಲೆ ಕೂತು ಸಿಗಡಿ ಸುಲಿಯುತ್ತಿದ್ದಳು. ಇಳಿಬಿಸಿಲಿಗೆ ಅವಳ ಬೆರಳುಗಳೂ ಸಿಗಡಿಯ ಬಣ್ಣಕ್ಕೆ ತಿರುಗಿದ್ದವು. ತಲೆ ಎತ್ತಲಿಲ್ಲ.

“ಕರೆಯೂಕೆ ಬಂದೆ ಮಾರಾಯ್ತಿ.”

“ಕೈಯೆಲ್ಲ ಸಿಗಡಿ ನಂದು.”

“ಹಣೆ ಮೇಲೆ ಸಿಗಡಿ ಇಲ್ವಲ್ಲ.”

ಅತ್ತೆ ನಗಲಿಲ್ಲ. ಒದ್ದೆ ಕೈಗಳನ್ನು ಮಡಿಲಿನಿಂದ ದೂರ ಹಿಡಿದುಕೊಂಡು, ಕಣ್ಣು ಮುಚ್ಚಿ, ಮುಖ ಮುಂದೆ ಚಾಚಿದಳು.