ಕರಿಬೇವಿನ ಬುಡದಲ್ಲಿ ಕೈ ತೊಳೆದವರು

ಗೆಳೆಯರೇ, ಇವತ್ತು ಮಧ್ಯಾಹ್ನ ಅಕ್ಕನನ್ನು ನೋಡಲು ಬಾಲಾನಗರದವರು ಬಂದಿದ್ದರು. ಊಟವಾದ ಮೇಲೆ ಅವ್ವ ನಮ್ಮ ರೂಢಿಯಂತೆ ಹುಡುಗನ ತಾಯಿಯನ್ನು ಹಿತ್ತಲಿನ ಕರಿಬೇವಿನ ಬುಡಕ್ಕೆ ಕರೆದೊಯ್ದು, "ಇಲ್ಲೇ ಕೈ ತೊಳ್ಕೋರಿ" ಎಂದು ತಂಬಿಗೆ ಹಿಡಿದಳು.

"ಯಾಕ್ರೀ, ಮನ್ಯಾಗ ನಳ ಇಲ್ಲೇನು?" ಎಂದು ಅವರು ಕೇಳಿದರು.

ಅಕ್ಕನ ಮುಖ ಬಾಡಿತು. ಅಪ್ಪ ಗಡಿಬಿಡಿಯಲ್ಲಿ, "ನಳ ಕೆಟ್ಟೈತ್ರಿ" ಎಂದ.

ಸುಮ್ಮನಿರುವ ಪಾಠ ಬರುವ ಮೊದಲೇ ನಾನು ಶಾಲೆ ಬಿಟ್ಟವನು. "ಕೆಟ್ಟಿಲ್ಲರಿ. ಅಲ್ಲಿ ತೊಳೆದ್ರ ನೀರು ಗಟಾರಕ್ಕ ಹೋಗತೈತಿ, ಇಲ್ಲಿ ತೊಳೆದ್ರ ಈ ಗಿಡಕ್ಕ. ನೀವು ಉಂಡ ಸಾರಿನ ಕರಿಬೇವು ಇದರದ" ಎಂದೆ.

ಹುಡುಗನ ತಾಯಿ ಕೈ ತೊಳೆದರು. ಒಂದೆಲೆ ಕಿತ್ತು ಮೂಸಿ ನೋಡಿದರು. "ಇದರ ಸಸಿ ಒಂದು ಕೊಡ್ರಿ."

ಅವ್ವ ತಡಮಾಡಲಿಲ್ಲ. "ಮದುವಿ ಆದಮ್ಯಾಲೆ ನಮ್ಮ ಹುಡುಗೀನ ಸಸಿ ತರ್ತಾಳ್ರಿ."

ಇಬ್ಬರೂ ನಕ್ಕರು. ಅಪ್ಪನ ನಳ ಮಾತ್ರ ಸಂಜೆಯಾದರೂ ಕೆಟ್ಟಿಲ್ಲ.